ಹತ್ತನೇ ತಿಂಗಳ ಒಂಬತ್ತು

ಸೆಪ್ಟೆಂಬರ್ 3, ಮಂಗಳವಾರ

ಜೊಮ್ರೆ ಅಕ್ಕಾ, ಹೇಗಿದ್ದೀಯ? ಭಾವನವರ ಮಂಡಿ ನೋವು ಇಳಿಯಿತೇ? ಗಿಹುನ್ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಓಡಾಡುತ್ತಿದ್ದನಲ್ಲ, ಈಗ ಹೇಗಿದ್ದಾನೆ? ಪುಟ್ಟ ಸೊಯುಲ್‌ಗೆ ಮುಂದಿನ ಹಲ್ಲು ಬಂತೇ? ಕೇಳುವುದು ಪದ್ಧತಿ, ಕೇಳಿದ್ದೇನೆ. ಉತ್ತರಕ್ಕೆ ಕಾಯುವುದಿಲ್ಲ, ಏಕೆಂದರೆ ಇದನ್ನು ಅಂಚೆಗೆ ಹಾಕುವುದೇ ಇಲ್ಲ. ಜೂನ್‌ನಲ್ಲಿ ನೀನು ಬುಸಾನ್‌ನಿಂದ ಫೋನು ಮಾಡಿ, "ಆ ವಿಯೆಟ್ನಾಮಿನವನು ನಿನ್ನ ಮನೇಲಿರೋ ತನಕ ನಾನು ನಿನ್ನ ಹೊಸ್ತಿಲು ತುಳಿಯಲ್ಲ ಓಕ್ಬುನ್" ಎಂದು ಇಟ್ಟುಬಿಟ್ಟೆ. ಸರಿ, ತುಳಿಯಬೇಡ. ಹೊಸ್ತಿಲಿಗೇನೂ ನಷ್ಟವಿಲ್ಲ. ಆದರೆ ಏನು ನಡೆದರೂ ನಿನಗೆ ಹೇಳಿಯೇ ಅರವತ್ತು ವರ್ಷದ ಅಭ್ಯಾಸ. ಬಾಯಿ ಸುಮ್ಮನಿದ್ದರೂ ಕೈ ಸುಮ್ಮನಿರುವುದಿಲ್ಲ. ಸಹಕಾರ ಸಂಘದವರು ಪುಕ್ಕಟೆ ಕೊಟ್ಟ ನೋಟುಬುಕ್ಕಿದೆ, ಇದರಲ್ಲಿ ಬರೆದು ಇಟ್ಟುಕೊಳ್ಳುತ್ತೇನೆ. ಗೊಬ್ಬರದ ಚೀಲ, ಬಸ್ಸಿನ ಬೋರ್ಡು ನೋಡಿ ಅಕ್ಷರ ಕಲಿತವಳು ನಾನು. ತಪ್ಪು ಕಂಡು ನಗಲು ಇಲ್ಲಿ ಯಾರೂ ಇಲ್ಲ.

ಇವತ್ತು ವಲಸೆ ಕಚೇರಿಯಲ್ಲಿ ನಮ್ಮಿಬ್ಬರ ವಿಚಾರಣೆ ಇತ್ತು.

ಲುವಾಳ ಅಪ್ಪ ದಿಯೆನ್ ಅವರಿಗೆ ಇದ್ದದ್ದು ಮೊಮ್ಮಗಳನ್ನು ನೋಡಿಕೊಳ್ಳುವ ವೀಸಾ. ಮಗಳು ಲುವಾ ನಮ್ಮ ಪಕ್ಕದ ಮನೆಯ ಸಂಗ್‌ಚೊಲ್‌ನನ್ನು ಕಟ್ಟಿಕೊಂಡು ಬಂದವಳು. ಅವಳ ಕೂಸು ಚಿಕ್ಕದಿರುವ ತನಕ ತಾತ ಇರಬಹುದು ಎಂದಿತ್ತು ಸರ್ಕಾರ. ಕೂಸು ಈ ವರ್ಷ ಶಾಲೆ ಸೇರಿತು, ತಾತನ ಕೆಲಸ ಮುಗಿಯಿತಂತೆ. ನವೆಂಬರ್ ಮೂವತ್ತಕ್ಕೆ ಗಡುವು. ನನ್ನ ಮಾಡು, ನನ್ನ ಒಲೆ, ನನ್ನ ಬಾವಿಯ ಕಟ್ಟೆ ಎಲ್ಲವನ್ನೂ ಸರಿಮಾಡಿಕೊಟ್ಟ ಮನುಷ್ಯ. ಊರ ಸಭಾಂಗಣದಲ್ಲಿ ನಾಮ್ಸಾನಿನವಳು ಎಲ್ಲರೆದುರು, "ಓಕ್ಬುನ್ ಮಾಡು ರಿಪೇರಿ ಮಾಡ್ತಾ ಮಾಡ್ತಾ ಆ ಮುದುಕ ತನ್ನ ಕಾಗದಾನೂ ರಿಪೇರಿ ಮಾಡ್ಕೊಳ್ತಾನೆ, ನೋಡ್ತಿರಿ" ಎಂದಳು. ಮಾರನೆಯ ದಿನವೇ ನಾನು ದಾಖಲೆಗಳಿಗೆ ಓಡಾಡಲು ಶುರುಮಾಡಿದೆ. ಜೂನ್‌ನಲ್ಲಿ ಅವರ ಜೊತೆ ಮದುವೆ ನೋಂದಾಯಿಸಿದೆ. ಛಲಕ್ಕೆ. ಬೇರೇನಿಲ್ಲ. ಈ ವಯಸ್ಸಿನಲ್ಲಿ ನನಗೆ ಗಂಡನೊಬ್ಬ ಬೇಕಿತ್ತೆಂದು ತಿಳಿಯಬೇಡ.

ಒಬ್ಬೊಬ್ಬರನ್ನು ಒಂದೊಂದು ಕೋಣೆಗೆ ಕರೆದರು. ನನ್ನನ್ನು ಕೇಳಿದವನು ತಲೆಗೆ ಎಣ್ಣೆ ಹಚ್ಚಿ ಬಾಚಿದ ಹುಡುಗ. ಗಂಡನ ಹುಟ್ಟಿದ ದಿನ ಕೇಳಿದ. "1958, ಜನವರಿ ಒಂದು" ಎಂದೆ, ನಾಲಗೆ ತುದಿಯಲ್ಲಿತ್ತು. ಅವರ ಗುರುತಿನ ಚೀಟಿ ನೋಡಿ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಹುಡುಗ ನಕ್ಕು ಗುರುತು ಹಾಕಿಕೊಂಡ.

ಇನ್ನೊಂದು ಕೋಣೆಯಲ್ಲಿ ಲುವಾಳ ಅಪ್ಪನನ್ನು ನನ್ನ ಹುಟ್ಟಿದ ದಿನ ಕೇಳಿದರಂತೆ. "ಹತ್ತನೇ ತಿಂಗಳು, ಒಂಬತ್ತು. ಅರವತ್ನಾಲ್ಕು ವರ್ಷ" ಎಂದರಂತೆ.

"ಅಜ್ಜೀ," ಎಂದ ಹುಡುಗ ಹೊರಗೆ ಬಂದು, "ನಿಮ್ಮ ಯಜಮಾನ್ರಿಗೆ ನಿಮ್ಮ ಹುಟ್ಟಿದ ದಿನಾನೇ ಗೊತ್ತಿಲ್ಲ. ನೀವು 1958, ಮಾರ್ಚ್ ಎರಡು. ಅವರು ದಿನ ತಪ್ಪು ಹೇಳಿದ್ರು, ತಿಂಗಳು ತಪ್ಪು ಹೇಳಿದ್ರು, ವಯಸ್ಸೂ ಎರಡು ವರ್ಷ ಹೆಚ್ಚು ಹೇಳಿದ್ರು. ಸಂಸಾರ ಮಾಡೋರು ಹೀಗಿರ್ತಾರಾ?"

"ತಪ್ಪಿರೋದು ನಿಮ್ಮ ಕಾಗದ."

"ಕಾಗದ ತಪ್ಪಲ್ಲ, ಅಜ್ಜಿ."

"ನಾನು ಹುಟ್ಟಿದಾಗ ನೀನಿದ್ಯಾ? ಹೋಗ್ಲಿ, ನಿಮ್ಮಪ್ಪ ಇದ್ನಾ?"

ಬೆಂಚಿನ ಮೇಲೆ ಕೂತಿದ್ದವರೆಲ್ಲ ನಕ್ಕರು. ಅವನು ನಗಲಿಲ್ಲ. ತಿಂಗಳ ಕೊನೆಯೊಳಗೆ ಲಿಖಿತ ವಿವರಣೆ ಕೊಡಬೇಕಂತೆ, ಆಮೇಲೆ ಮನೆಗೂ ಬಂದು ನೋಡುತ್ತಾರಂತೆ.

ನಿನಗಂತೂ ಗೊತ್ತು. ಹುಟ್ಟಿದಾಗಿನಿಂದ ಕೆಮ್ಮುತ್ತಿದ್ದ ಹೆಣ್ಣು ಕೂಸು, ಎರಡು ಚಳಿಗಾಲ ದಾಟಿದರೆ ಬರೆಸೋಣ ಎಂದು ಅಪ್ಪ ಕಾದ. ಕಡೆಗೆ ಕಚೇರಿಗೆ ನಡೆದುಹೋದ ದಿನವನ್ನೇ ಗುಮಾಸ್ತ ಹುಟ್ಟಿದ ದಿನವೆಂದು ಬರೆದುಕೊಂಡ. ಚಂದ್ರನ ಲೆಕ್ಕದಲ್ಲಿ ಹತ್ತನೇ ತಿಂಗಳ ಒಂಬತ್ತು ಎಂಬುದು ನಿನ್ನ ಬಾಯಲ್ಲಿ ಬಿಟ್ಟರೆ ಎಲ್ಲೂ ಇಲ್ಲ.

ಅದು ಈ ಮನುಷ್ಯನಿಗೆ ಹೇಗೆ ಗೊತ್ತಾಯಿತೆಂದು ನನಗೆ ತಿಳಿಯದು. ಬಸ್ಸಿನಲ್ಲಿ ಕೇಳಬೇಕೆಂದಿದ್ದೆ. ಅವರ ಮುಖ ಚಿಕ್ಕದಾಗಿತ್ತು, ಕೇಳಲಿಲ್ಲ.

ಸೆಪ್ಟೆಂಬರ್ 5

ಕಚೇರಿ ಎದುರು ಅರ್ಜಿ ಬರೆದುಕೊಡುವ ಪ್ಯೊ ಎಂಬಾತನ ಬಳಿ ಹೋಗಿದ್ದೆವು. ಬೆರಳು ಮಡಿಸುತ್ತ ದಾರಿಗಳನ್ನು ಎಣಿಸಿದ.

"ಒಂದು, ಮಗಳ ಕಡೆಯಿಂದ. ಅದು ಮುಚ್ಚಿದೆ. ಎರಡು, ನೆಂಟರನ್ನ ನೋಡೋಕೆ ಬರೋ ವೀಸಾ. ಮೂರು ತಿಂಗಳು ಇರೋದು, ಹೋಗೋದು, ಮತ್ತೆ ಬರೋದು. ಈ ವಯಸ್ಸಲ್ಲಿ ವಿಮಾನದಲ್ಲೇ ಮನೆ ಮಾಡ್ಬೇಕು. ಮೂರು, ದುಡಿಯೋ ವೀಸಾ. ಅರವತ್ತು ದಾಟಿದೋರಿಗೆ ಯಾರು ಕೊಡ್ತಾರೆ? ನಾಲ್ಕು, ಹೆಂಡತಿ ಕಡೆಯಿಂದ. ಇರೋದು ಅದೊಂದೇ."

"ಇರೋದೊಂದೇ ಅಂದ್ಮೇಲೆ ನಾಲ್ಕು ಯಾಕೆ ಎಣಿಸಿದ್ರಿ?"

"ಫೀಸ್ ತಗೊಂಡಿದೀನಲ್ಲ ಅಮ್ಮ."

ಆಮೇಲೆ ದನಿ ತಗ್ಗಿಸಿ ಉಪಾಯ ಹೇಳಿದ. ಲುವಾಳ ಅಪ್ಪ ಮಾರ್ಚ್ ಎರಡು ಎಂದು ಬಾಯಿಪಾಠ ಮಾಡಬೇಕು. ಅವತ್ತು ಗಾಬರಿಯಲ್ಲಿ ತಪ್ಪು ಹೇಳಿದೆ, ಕ್ಷಮಿಸಿ ಎಂದು ಬರೆದುಕೊಡಬೇಕು. "ಅವರಿಗೆ ನಿಜ ಬೇಕಾಗಿಲ್ಲ ಅಮ್ಮ. ಎರಡು ಕಡೆ ಬರೆದದ್ದು ಒಂದೇ ಥರ ಇದ್ರೆ ಸಾಕು. ಅದು ಬೇಡ ಅಂದ್ರೆ ಒಡಹುಟ್ಟಿದೋರು ಯಾರಾದ್ರೂ ಬಂದು, ಇವಳು ಹುಟ್ಟಿದ್ದು ಇಂಥ ದಿನವೇ ಅಂತ ಸಹಿ ಹಾಕ್ಲಿ. ಇದಾರಾ ಯಾರಾದ್ರೂ?"

"ಇಲ್ಲ" ಎಂದೆ.

ಹೌದು ಅಕ್ಕಾ. ಹಾಗೆಯೇ ಎಂದೆ.

ಸೆಪ್ಟೆಂಬರ್ 13, ಹುಣ್ಣಿಮೆ ಹಬ್ಬ

ಫೋನು ಬಡಿದುಕೊಳ್ಳಲಿಲ್ಲ. ನಾನೂ ಮಾಡಲಿಲ್ಲ.

ಅಕ್ಕಿ ಕಡುಬಿಗೆ ಲುವಾಳ ಅಪ್ಪನೂ ಕೈ ಹಚ್ಚಿದರು. ಅರ್ಧಚಂದ್ರ ಮಾಡಿ ಎಂದರೆ ದೋಣಿ ಮಾಡಿದರು, ಎರಡೂ ಕಡೆ ಮೂತಿ. ಬೆಂದ ಮೇಲೆ ಎಲ್ಲ ದೋಣಿಗಳೂ ಮಗುಚಿಕೊಂಡಿದ್ದವು. ನಾನು ನಗಲಿಲ್ಲ. ಸ್ವಲ್ಪ ನಕ್ಕೆ.

ಸೆಪ್ಟೆಂಬರ್ 21

ಪ್ಯೊ ಹೇಳಿದಂತೆ ಬಾಯಿಪಾಠಕ್ಕೆ ಕೂತೆವು. ಗಡುವು ಹತ್ತಿರವಾಗುತ್ತಿದೆ, ಛಲ ಎಷ್ಟು ದಿನ ಅನ್ನ ಹಾಕೀತು ಎಂದುಕೊಂಡು ನಾನೇ ಶುರುಮಾಡಿದೆ.

"ಹೇಳಿ. ಮಾರ್ಚ್ ಎರಡು."

"ಮಾರ್ಚ್ ಎರಡು," ಎಂದರು ದಿಯೆನ್. ಆಮೇಲೆ, "ಆ ದಿನ ಯಾರು ಹುಟ್ಟಿದ್ದು?" ಎಂದರು.

"ಯಾರೂ ಇಲ್ಲ. ಗುಮಾಸ್ತನ ಪೆನ್ನು ಹುಟ್ಟಿದ್ದು."

"ಆಂ. ನಂದೂ ಪೆನ್ನು."

ನನಗೆ ಅರ್ಥವಾಗಲಿಲ್ಲ. ಅವರು ಮುರುಕು ಮಾತಿನಲ್ಲಿ ಬಿಡಿಸಿ ಹೇಳಿದರು. ಯುದ್ಧದಲ್ಲಿ ಊರ ಕಾಗದವೆಲ್ಲ ಸುಟ್ಟುಹೋಯಿತು. ಆಮೇಲೆ ಬರೆಸಲು ಹೋದವರಿಗೆಲ್ಲ ಗುಮಾಸ್ತ ಸಾಲಾಗಿ ಜನವರಿ ಒಂದು ಎಂದೇ ಬರೆದ. ಇಡೀ ಬೀದಿಗೆ ಒಂದೇ ಹುಟ್ಟಿದ ದಿನ.

"ಮತ್ತೆ ನಿಜವಾದ್ದು ಯಾವತ್ತು?"

"ನೀರು ಬರೋ ತಿಂಗಳು. ಮಂಚದ ಕಾಲು ಮುಳುಗಿತ್ತು ಅಂತ ಅಮ್ಮ ಹೇಳೋರು. ಹುಣ್ಣಿಮೆ ಹಬ್ಬ ಆಗಿ ನಾಲ್ಕು ದಿನಕ್ಕೆ."

ನಮ್ಮ ಹುಣ್ಣಿಮೆ ಹಬ್ಬವೇ ಅವರದೂ. ಬೆರಳು ಎಣಿಸಿದೆ. ಎಂಟನೇ ತಿಂಗಳ ಹತ್ತೊಂಬತ್ತು. ಅಂದರೆ ಹೋದ ಮಂಗಳವಾರ. ಅವತ್ತು ಅವರಿಗೆ ನಾನು ಹಿಂದಿನ ದಿನದ ಮೂಲಂಗಿ ಸಾರು ಬಿಸಿಮಾಡಿ ಹಾಕಿದ್ದೆ.

"ಹೇಳಬಾರದಾಗಿತ್ತೇನ್ರೀ?"

"ನೀವು ಕೇಳಲಿಲ್ಲ." ಬೇಸರದಿಂದೇನೂ ಅಲ್ಲ, ಹೊರಗೆ ಮಳೆ ಬರುತ್ತಿಲ್ಲ ಎನ್ನುವ ಹಾಗೆ ಹೇಳಿದರು. "ನಮ್ಮಲ್ಲಿ ಹುಟ್ಟಿದ ದಿನ ಎಣಿಸಲ್ಲ. ಸತ್ತ ದಿನ ಎಣಿಸ್ತೀವಿ. ಹುಟ್ಟಿದ ದಿನಕ್ಕೆ ಸಾರು ಮಾಡ್ತಾರೆ ಅಂತ ಇಲ್ಲಿ ಬಂದೇ ಗೊತ್ತಾಗಿದ್ದು."

ನೋಡು ಅಕ್ಕಾ, ಕಚೇರಿಯಲ್ಲಿ ನನಗೆ ಸರಿ ಎಂದು ಗುರುತು ಹಾಕಿದರು, ನಾನು ಹೇಳಿದ್ದು ಸುಳ್ಳು. ಅವರಿಗೆ ತಪ್ಪು ಹಾಕಿದರು, ಅವರು ಹೇಳಿದ್ದು ನಿಜ. ಚೀಟಿ ನೋಡಿ ಕಲಿತವಳು ನಾನು. ನಮ್ಮಿಬ್ಬರಲ್ಲಿ ಹುಸಿ ಮದುವೆ ಯಾರದಾಗಿತ್ತು?

ಡಬ್ಬಿಯ ತಳದಲ್ಲಿ ಒಂದು ಹಿಡಿ ಸಮುದ್ರ ಪಾಚಿ ಇತ್ತು. ನಾಲ್ಕು ದಿನ ತಡವಾಗಿ ಹುಟ್ಟಿದ ದಿನದ ಸಾರು ಕುದಿಸಿದೆ. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, "ಇದು ನಿಮ್ಮ ಸಾರಲ್ವಾ?" ಎಂದರು. "ಸುಮ್ನೆ ಕುಡೀರಿ" ಎಂದೆ.

ಬಾಯಿಪಾಠ ನಿಂತಿತು. ನನ್ನ ಹುಟ್ಟಿದ ದಿನದ ಬಗ್ಗೆ ನನ್ನ ಮನೆಯಲ್ಲೇ ಸುಳ್ಳು ಕಲಿಸುವುದಿಲ್ಲ.

ಸೆಪ್ಟೆಂಬರ್ 30

ವಿವರಣೆಯನ್ನು ನಾನೇ ಬರೆದೆ. ಹೀಗೆ:

"ಸಾಹೇಬರೇ, ನನ್ನ ಗಂಡನವರು ಹೇಳಿದ ದಿನವೇ ಸರಿ. ಕಾಗದದಲ್ಲಿರುವುದು ನಮ್ಮಪ್ಪ ಬಿಡುವು ಮಾಡಿಕೊಂಡು ಕಚೇರಿಗೆ ಬಂದ ದಿನ. ಅಲ್ಲದೆ, ಅವರ ಬಗ್ಗೆ ನಾನು ಹೇಳಿದ ಜನವರಿ ಒಂದು ತಪ್ಪು. ಅದಕ್ಕೆ ನೀವು ಹಾಕಿದ ಗುರುತು ಹೊಡೆದುಹಾಕಿ. ಅವರು ಹುಟ್ಟಿದ್ದು ಹುಣ್ಣಿಮೆ ಹಬ್ಬವಾದ ನಾಲ್ಕನೇ ದಿನ. ನಂಬದಿದ್ದರೆ ಮನೆಗೆ ಬನ್ನಿ. ಹೇಳದೆ ಬನ್ನಿ."

ಪ್ಯೊ ಓದಿ ತಲೆ ಹಿಡಿದುಕೊಂಡ. "ಅಮ್ಮಾ, ಸಿಕ್ಕಿದ್ದೊಂದು ಮಾರ್ಕನ್ನೂ ವಾಪಸ್ ಕೊಡ್ತಿದೀರಲ್ಲ!"

"ಇಟ್ಕೊಂಡು ಏನ್ ಮಾಡ್ಲಿ? ಉಪ್ಪಿನಕಾಯಿ ಹಾಕ್ಲಾ?"

ಅಂಚೆಗೆ ಹಾಕಿದೆ. ಡಬ್ಬಿಯೊಳಗೆ ಬಿದ್ದ ಮೇಲೆ ಭಯವಾಯಿತು. ಮೊದಲೇ ಆಗಿದ್ದರೆ ಹಾಕುತ್ತಿರಲಿಲ್ಲವೇನೋ.

ಅಕ್ಟೋಬರ್ 17

ಹಣ್ಣಿನ ಕೆಲಸ ಶುರುವಾಗಿದೆ. ಸಂಗ್‌ಚೊಲ್‌ನ ಕೊಟ್ಟಿಗೆಯಲ್ಲಿ ಬೆಳಗಿನಿಂದ ಪರ್ಸಿಮನ್ ಸಿಪ್ಪೆ ಸುಲಿದು, ದಾರಕ್ಕೆ ಪೋಣಿಸಿ, ಒಣಗಲು ತೂಗುಹಾಕುತ್ತೇವೆ. ಬೆರಳೆಲ್ಲ ಕಪ್ಪು.

ಲುವಾ ನನ್ನ ಪಕ್ಕ ಕೂತು ಮೆಲ್ಲಗೆ, "ದೊಡ್ಡಮ್ಮ, ಬುಸಾನಿನ ಅಕ್ಕನೋರಿಗೆ ಒಂದು ಫೋನ್ ಮಾಡಿಬಿಡಿ. ಒಂದು ಸಹಿ ತಾನೇ?" ಎಂದಳು.

"ನಿಮ್ಮಪ್ಪನ್ನ 'ಆ ವಿಯೆಟ್ನಾಮಿನವನು' ಅಂದವಳಿಗೆ ನಾನು ಕೈ ಚಾಚಲ್ಲ."

"ಅಪ್ಪಂಗೆ ಬೇಜಾರಿಲ್ಲ ದೊಡ್ಡಮ್ಮ. ಅವರು ವಿಯೆಟ್ನಾಮಿನವರೇ ಅಲ್ವಾ?"

"ನನಗೆ ಬೇಜಾರಿದೆ."

ಅವಳು ಸಿಪ್ಪೆಯ ಕಡೆ ನೋಡುತ್ತ ಇನ್ನೊಂದು ಮಾತು ಹೇಳಿದಳು. ಅವರು ತಮ್ಮ ಉಳಿ, ಗರಗಸ, ಹತ್ತರಿಗಳಿಗೆಲ್ಲ ಎಣ್ಣೆ ಸವರಿ, ಬಟ್ಟೆ ಸುತ್ತಿ, ಅಳಿಯನ ಕಪಾಟಿನಲ್ಲಿ ಇಟ್ಟಿದ್ದಾರಂತೆ. ತಾವು ಹೋದ ಮೇಲೆ ತುಕ್ಕು ಹಿಡಿಯಬಾರದೆಂದು.

ಸಂಜೆ ಹೋಗಿ ಅವನ್ನೆಲ್ಲ ವಾಪಸು ಹೊತ್ತು ತಂದೆ. "ನನ್ನ ಅಡುಗೆಮನೆ ಬಾಗಿಲು ಕಿರ್ ಅಂತಿದೆ, ಇವನ್ನ ಅಲ್ಲಿಟ್ರೆ ಯಾರು ಸರಿ ಮಾಡ್ತಾರೆ?" ಎಂದು ರೇಗಿದೆ. ಬಾಗಿಲು ಏನೂ ಕಿರ್ ಎನ್ನುತ್ತಿರಲಿಲ್ಲ.

ಅಕ್ಟೋಬರ್ 29

ಬಂದರು. ಹೇಳದೆಯೇ ಬಂದರು. ಮಿನ್ ಎಂಬ ಹೆಂಗಸು, ಜೊತೆಗೆ ಅದೇ ಎಣ್ಣೆ ತಲೆಯ ಹುಡುಗ, ಕೈಯಲ್ಲಿ ಕ್ಯಾಮೆರಾ. ನಾವು ಕೊಟ್ಟಿಗೆಯಿಂದ ಸಿಪ್ಪೆ ಮೆತ್ತಿದ ಕೈಯಲ್ಲೇ ಓಡಿಬಂದೆವು.

ಮಿನ್ ಹಾಸಿಗೆ ನೋಡಿದಳು, ಬಟ್ಟೆ ನೋಡಿದಳು, ಬಚ್ಚಲಿಗೆ ಹೋಗಿ ಹಲ್ಲುಜ್ಜುವ ಬ್ರಷ್ ನೋಡಿದಳು. "ನಿಮ್ಮ ಯಜಮಾನ್ರದ್ದು ಇವೆರಡರಲ್ಲಿ ಯಾವುದಮ್ಮ?"

"ನನಗೇನ್ ಗೊತ್ತು? ಹಿಂದಿನ ಯಜಮಾನ್ರ ಜೊತೆ ಮೂವತ್ತು ವರ್ಷ ಬಾಳಿದೆ. ಅವರ ಬ್ರಷ್ ಯಾವ ಬಣ್ಣ ಅಂತ ಈಗ ಕೇಳಿದ್ರೂ ಗೊತ್ತಿಲ್ಲ. ಹಾಗಂತ ಅದೂ ಹುಸಿ ಮದುವೆ ಅಂತ ಬರ್ಕೊಳ್ತೀರಾ?"

ಅವಳು ಬಚ್ಚಲಿನಿಂದ ಹೊರಗೆ ಬಂದಳು. ಎಲ್ಲಿ ಕೆಲಸ ಮಾಡುತ್ತಿದ್ದಿರೋ ಅದನ್ನು ತೋರಿಸಿ ಎಂದಳು. ಕೊಟ್ಟಿಗೆಗೆ ಕರೆದೊಯ್ದೆ. ಬಂದವರನ್ನು ಬರಿಗೈಯಲ್ಲಿ ಕಳಿಸುವುದು ಹೇಗೆಂದು ಲುವಾ ಒಂದು ಪೆಟ್ಟಿಗೆಯಿಂದ ಮಾಗಿದ ಹಣ್ಣು ತೆಗೆದು ಕೊಡಲು ಹೋದಳು. "ತಗೊಳ್ಳೋ ಹಾಗಿಲ್ಲ" ಎಂದು ಮಿನ್ ಕೈ ಹಿಂದೆಳೆದುಕೊಂಡವಳು ಪೆಟ್ಟಿಗೆಯೊಳಗೆ ಬಗ್ಗಿ ನೋಡಿದಳು. ಹಣ್ಣಿಗೆ ಪೆಟ್ಟಾಗದಿರಲೆಂದು ತಳಕ್ಕೆ ಹಳೆಯ ಕ್ಯಾಲೆಂಡರ್ ಹಾಳೆ ಹಾಸಿತ್ತು. ಲುವಾಳ ಮನೆಯ ಕ್ಯಾಲೆಂಡರ್. ಅವಳ ಅಪ್ಪ ಜೂನ್ ತನಕ ಇದ್ದದ್ದು ಆ ಮನೆಯಲ್ಲಿ.

"ಇದೇನಿದು ಬರೆದಿರೋದು?"

2017ರ ನವೆಂಬರ್. 26ರ ಸುತ್ತ ಪೆನ್ಸಿಲಿನಲ್ಲಿ ಒಂದು ದುಂಡು ಗೆರೆ. ಆ ಅಂಕಿಯ ಕೆಳಗೆ ಸಣ್ಣದಾಗಿ ಚಂದ್ರನ ತಾರೀಖು: ಹತ್ತು, ಒಂಬತ್ತು. ಪಕ್ಕದಲ್ಲಿ ಆಗಷ್ಟೇ ಅಕ್ಷರ ಕಲಿಯುತ್ತಿದ್ದ ಕೈಯ ಬರಹ: "ಓಕ್ಬುನ್ ಹುಟ್ಟಿದ್ದು. ಬಾಗಿಲ ತಿರುಗಣಿ."

ಆ ವರ್ಷ ಒಂದು ದಿನ ಕರೆಯದೆ ಬಂದು ನನ್ನ ಹಿತ್ತಿಲ ಬಾಗಿಲಿನ ಮುರಿದ ತಿರುಗಣಿ ಸರಿಮಾಡಿದ್ದರು. "ಯಾರು ಕರೆದ್ರು ನಿಮ್ಮನ್ನ?" ಎಂದು ಬೈದಿದ್ದೆ.

ಹುಡುಗ ಬೇರೆ ಪೆಟ್ಟಿಗೆಗಳನ್ನೂ ತೆರೆದ. ಹೋದ ವರ್ಷದ ನವೆಂಬರ್ 16: "ಓಕ್ಬುನ್. ಸೌದೆ." ಅವತ್ತು ನನ್ನ ಗೋಡೆಗೆ ಸೌದೆ ಒಟ್ಟಿತ್ತು, ಸಂಗ್‌ಚೊಲ್ ಹಾಕಿಸಿದ್ದೆಂದು ಅವನಿಗೆ ಧನ್ಯವಾದ ಹೇಳಿದ್ದೆ, ಆ ಮಳ್ಳ ಸುಮ್ಮನೆ ತಲೆಯಾಡಿಸಿದ್ದ. ಇನ್ನೊಂದು ಹಾಳೆ ವಸಂತದ್ದು: "ಓಕ್ಬುನ್ ಮನೆಯ ಯಜಮಾನರು. ಸತ್ತ ದಿನ. ಹಣ್ಣು ಕೊಡಬೇಕು." ಕಡೆಗೆ 2016ರ ನವೆಂಬರ್ ಸಿಕ್ಕಿತು. 8ರ ಸುತ್ತ ಬರಿಯ ಗೆರೆ, ಪಕ್ಕದಲ್ಲಿ ಅವರ ಭಾಷೆಯ ನಾಲ್ಕು ಅಕ್ಷರ.

"ತಾತ, ಈ ದಿನ ನಿಮಗೆ ಯಾರು ಹೇಳಿದ್ರು?" ಎಂದಳು ಮಿನ್.

"ಅಕ್ಕ. ಬುಸಾನ್ ಅಕ್ಕ. ಆ ವರ್ಷ ಬಂದಿದ್ರು, ಸಾರು ಮಾಡಿ ನನಗೂ ಒಂದು ಬಟ್ಟಲು ಕೊಟ್ರು. ನನಗೆ ಆಗ ಮಾತು ಬರ್ತಿರಲಿಲ್ಲ. ಬೆರಳಲ್ಲಿ ತೋರಿಸಿದ್ರು." ಕಪ್ಪಾದ ಹತ್ತೂ ಬೆರಳು ಅಗಲಿಸಿ ತೋರಿಸಿದರು, ಆಮೇಲೆ ಒಂದು ಮಡಿಸಿ ಒಂಬತ್ತು.

ನೀನು! ಇಡೀ ವಿಚಾರಣೆಗೆ ಉತ್ತರ ಹೇಳಿಕೊಟ್ಟವಳು ನೀನು!

ಎಣ್ಣೆ ತಲೆಯ ಹುಡುಗ ಹಾಳೆಗಳ ಫೋಟೋ ತೆಗೆಯುತ್ತ, "ನಮ್ಮಮ್ಮಂದೂ ಚಂದ್ರನ ಲೆಕ್ಕಾನೇ. ಪ್ರತಿ ವರ್ಷ ಮರ್ತುಬಿಡ್ತೀನಿ" ಎಂದು ಬಾಯಿ ಜಾರಿ ಹೇಳಿಬಿಟ್ಟ.

"ಇವರಿಗೆ ಪಕ್ಕದ ಮನೆಯವಳದ್ದು ನೆನಪಿದೆ. ನಿನಗೆ ಹೆತ್ತವಳದ್ದು ನೆನಪಿಲ್ಲ," ಎಂದೆ. "ಈಗ ಹೇಳು, ಯಾರನ್ನ ದೇಶದಿಂದ ಆಚೆ ಕಳಿಸ್ಬೇಕು?"

ಮಿನ್ ಆ ಕಡೆ ತಿರುಗಿಕೊಂಡಳು. ನಕ್ಕಳೋ ಕೆಮ್ಮಿದಳೋ ಗೊತ್ತಾಗಲಿಲ್ಲ.

ನವೆಂಬರ್ 5. ಹತ್ತನೇ ತಿಂಗಳ ಒಂಬತ್ತು

ಕಚೇರಿಯಿಂದ ಇನ್ನೂ ಏನೂ ಬಂದಿಲ್ಲ.

ನಮ್ಮ ಮನೆಯವರು ನನಗಿಂತ ಮೊದಲು ಎದ್ದು ಪಾಚಿ ಸಾರು ಮಾಡಿದ್ದರು. ಉಪ್ಪಿನ ಬದಲು ಅವರೂರಿನ ಮೀನಿನ ರಸ ಸುರಿದು. ಮನೆಯೊಳಗೆ ಮೀನುಪೇಟೆಯ ವಾಸನೆ. "ಹುಟ್ಟಿದ ದಿನಾನೇ ಸಾಯಿಸ್ತೀರಾ?" ಎಂದು ಕೇಳಿ, ಎರಡು ಬಟ್ಟಲು ಕುಡಿದೆ.

ಕುಡಿಯುವಾಗ ನೀನು ನೆನಪಾದೆ. ಅಣ್ಣನ ಹುಟ್ಟಿದ ದಿನಕ್ಕೆ ಅಮ್ಮ ತರಿಸುತ್ತಿದ್ದ ಪಾಚಿಯಲ್ಲಿ ನೀನು ಒಂದು ಹಿಡಿ ಕದ್ದು ಬಚ್ಚಿಟ್ಟು, ನನ್ನ ದಿನ ಬಂದಾಗ ಹಿತ್ತಿಲಲ್ಲಿ ಕುದಿಸಿ ಕೊಡುತ್ತಿದ್ದೆ. ಒಮ್ಮೆ ಸಿಕ್ಕಿಬಿದ್ದು ಏಟು ತಿಂದೆ. ಮುಂದಿನ ವರ್ಷವೂ ಕದ್ದೆ.

ಇದನ್ನೇ ಅವರಿಗೆ ಹೇಳುತ್ತಿದ್ದೆ. ಅವರು ಚಮಚ ಕೆಳಗಿಟ್ಟು, "ಅಕ್ಕನ ದಿನ ಯಾವಾಗ?" ಎಂದರು.

ಬೆರಳು ಮಡಿಸಲು ಹೋದೆ. ಯಾವ ತಿಂಗಳೆಂದೇ ನನಗೆ ತಿಳಿಯದು.

ನವೆಂಬರ್ 26

ಅಕ್ಕಾ, ಈ ಒಂದು ಹಾಳೆಯನ್ನು ನೋಟುಬುಕ್ಕಿನಿಂದ ಹರಿದು ಅಂಚೆಗೆ ಹಾಕುತ್ತಿದ್ದೇನೆ. ಮೊದಲಿನ ಹಾಳೆಗಳಲ್ಲಿ ನಿನ್ನನ್ನು ಸಾಕಷ್ಟು ಬೈದಿದ್ದೇನೆ, ಅವು ನನ್ನಲ್ಲೇ ಇರಲಿ.

ನಮ್ಮ ಮನೆಯವರಿಗೆ ಇಲ್ಲಿರಲು ಅನುಮತಿ ಬಂತು. ಹೆಂಡತಿಯ ಕಡೆಯಿಂದ, ಒಂದು ವರ್ಷಕ್ಕೆ. ಬರುವ ವರ್ಷ ಮತ್ತೆ ಅರ್ಜಿ, ಮತ್ತೆ ಪ್ರಶ್ನೆ. ಬಂದು ಬ್ರಷ್ ಎಣಿಸಲಿ, ಬೇಕಿದ್ದರೆ ಮೂರನೆಯದೊಂದನ್ನು ತಂದಿಟ್ಟು ಅವರ ಲೆಕ್ಕ ತಪ್ಪಿಸುತ್ತೇನೆ. ಸುದ್ದಿ ಕೇಳಿ ನಾಮ್ಸಾನಿನವಳು ಸಭಾಂಗಣದಲ್ಲಿ, "ಅಂತೂ ಕಾಗದ ಗಿಟ್ಟಿಸಿಕೊಂಡ" ಎಂದಳಂತೆ. ಹೌದು, ಗಿಟ್ಟಿಸಿಕೊಟ್ಟವಳು ನಾನು ಎಂದು ಅವಳ ಬಾಗಿಲಿಗೇ ಹೋಗಿ ಹೇಳಿಬಂದೆ.

ನಿನ್ನಿಂದ ನನಗೆ ಸಹಿ ಬೇಡ, ಅದರ ಕಾಲ ಮುಗಿಯಿತು. ಹೊಸ್ತಿಲು ತುಳಿಯುವುದು ಬಿಡುವುದು ನಿನಗೆ ಸೇರಿದ್ದು. ನಾನು ಕರೆಯುವುದೂ ಇಲ್ಲ, ಬಾಗಿಲು ಹಾಕುವುದೂ ಇಲ್ಲ. ಬೇಕಾದದ್ದು ಒಂದೇ ಮಾತು.

ಸಹಕಾರ ಸಂಘದಿಂದ ಹೊಸ ವರ್ಷದ ಕ್ಯಾಲೆಂಡರ್ ಬಂದಿದೆ. ನಮ್ಮ ಮನೆಯವರು ಆಗಲೇ ಗೋಡೆಗೆ ತೂಗುಹಾಕಿ ಗೆರೆ ಹಾಕುತ್ತಿದ್ದಾರೆ. ನನ್ನದು ಆಯಿತು. ನಾನು ಅವರದನ್ನು ಹಾಕಿದೆ, ಹುಣ್ಣಿಮೆ ಹಬ್ಬವಾದ ನಾಲ್ಕನೇ ದಿನ. ಲುವಾಳದು, ಕೂಸಿನದು, ನನ್ನ ಹಿಂದಿನ ಯಜಮಾನರ ದಿನ, ಇವರ ಮೊದಲ ಹೆಂಡತಿಯ ದಿನ, ಎಲ್ಲ ಆಯಿತು. ಬುಸಾನ್ ಅಕ್ಕ ಎಂದು ಬರೆದುಕೊಂಡು ದಿನ ಕೇಳಿದರೆ ನಾನು ಕಣ್ಣು ಕಣ್ಣು ಬಿಡುತ್ತೇನೆ. ನನ್ನದನ್ನು ನೀನು ಇಷ್ಟು ವರ್ಷ ಇಟ್ಟುಕೊಂಡೆ. ನಿನ್ನದನ್ನು ಆ ಮನೆಯಲ್ಲಿ ಯಾರೂ ಇಟ್ಟುಕೊಳ್ಳಲಿಲ್ಲ, ನಾನೂ ಕೇಳಲಿಲ್ಲ.

ಕಾಗದದಲ್ಲಿರುವುದನ್ನು ಬರೆದು ಕಳಿಸಿದರೆ ಹರಿದು ಒಲೆಗೆ ಹಾಕುತ್ತೇನೆ. ನಿಜವಾದದ್ದು ಬರೆ. ನಿನಗೇ ಗೊತ್ತಿಲ್ಲದಿದ್ದರೆ, ಆಗ ಹೊಲದಲ್ಲಿ ಏನಿತ್ತು, ಚಳಿಯೋ ಮಳೆಯೋ, ಅಮ್ಮ ಏನಾದರೂ ಹೇಳುತ್ತಿದ್ದಳೋ, ಅಷ್ಟು ಬರೆದರೂ ಸಾಕು. ಉಳಿದದ್ದನ್ನು ಇವರು ಬೆರಳು ಮಡಿಸಿ ಹುಡುಕುತ್ತಾರಂತೆ.

ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಗೋಡೆಯ ಹತ್ತಿರವೇ ಓಡಾಡುತ್ತಿದ್ದಾರೆ. ಬೇಗ ಬರೆ, ಅಕ್ಕಾ.